ಕೌದಿಯ ನಾಲ್ಕನೇ ಮೂಲೆ

ನನ್ನ ಅತ್ತೆ ರುದ್ರಾಣಿಯವರ ಬಗ್ಗೆ ಬೇರೆ ಯಾರಾದರೂ ಬರೆದಿದ್ದರೆ ಚೆನ್ನಾಗಿರುತ್ತಿತ್ತು. ನನಗೆ ಆ ಯೋಗ್ಯತೆ ಇಲ್ಲ. ಆದರೆ ನಡೆದದ್ದು ಅವರನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತು, ಹಾಗಾಗಿ ಬರೆಯುತ್ತಿದ್ದೇನೆ.

ಅತ್ತೆ ಧಾರವಾಡದವರು. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದರು. ತಮ್ಮ ಬಗ್ಗೆ ಹೆಚ್ಚು ಮಾತಾಡುವವರಲ್ಲ. ಅಷ್ಟು ವರ್ಷಗಳಲ್ಲಿ ಒಬ್ಬ ಹುಡುಗಿಯೂ ಹಸಿದು ಮಲಗಲಿಲ್ಲ ಎಂಬುದೊಂದನ್ನು ಮಾತ್ರ ಆಗಾಗ ಹೇಳುತ್ತಾರೆ. ಆರು ವರ್ಷದ ಹಿಂದೆ ಸಿಡ್ನಿಗೆ, ಪೆಂಡಲ್ ಹಿಲ್‌ನ ನಮ್ಮ ಮನೆಗೆ ಬಂದಾಗ ಅವರ ಸೂಟ್‌ಕೇಸಿನಲ್ಲಿ ಸೀರೆಗಿಂತ ಹರಕು ಬಟ್ಟೆಯೇ ಜಾಸ್ತಿ ಇತ್ತು. ಹಳೆಯ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಕೈಯಲ್ಲೇ ಹೊಲಿದು ಹೊದಿಕೆ ಮಾಡುವುದು ಆ ಕಡೆಯ ಹೆಂಗಸರ ವಿದ್ಯೆ. ಅದಕ್ಕೆ ಕೌದಿ ಎನ್ನುತ್ತಾರೆ. ನಾನು ಮೈಸೂರಿನವಳು. ನಮ್ಮಮ್ಮ ಹಳೆ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುತ್ತಿದ್ದರು.

ಮನೆಯ ಬಟ್ಟೆ ಸಾಲದೆ, ಅತ್ತೆ ಒಂದು ಶನಿವಾರ ಸ್ಟೇಷನ್ ಹತ್ತಿರದ ದಾನದ ಡಬ್ಬಿಯ ಪಕ್ಕ ಹೋಗಿ ನಿಂತರು. ಬಟ್ಟೆ ಹಾಕಲು ಬಂದವರನ್ನು ಸನ್ನೆ ಮಾಡಿ ಕೇಳಿದರು. ಕೊಟ್ಟವರಲ್ಲಿ ಒಬ್ಬಳು ನಾರ್ವೆಸ್ಟ್‌ನ ನನ್ನ ಆಫೀಸಿನವಳು. ಪಾಪ, ಇಂಡಿಯಾದ ಮುದುಕಿಯೊಬ್ಬಳು ಬಟ್ಟೆಗೂ ಗತಿಯಿಲ್ಲದೆ ನಿಂತಿದ್ದಳು ಎಂದು ಸೋಮವಾರ ನನಗೇ ಹೇಳಿದಳು. ಅವರು ನನ್ನ ಅತ್ತೆ ಅನ್ನಲು ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದು ಅತ್ತೆಯ ಮೇಲೆ ಹಾರಾಡಿದೆ. ಅವರು ಚೀಲದಿಂದ ಒಂದು ನೀಲಿ ಅಂಗಿ ತೆಗೆದು, ಎಳೆದು ನೋಡಿ, ಬಟ್ಟೆ ಗಟ್ಟಿ ಇದೆ ಅಂದರಷ್ಟೆ.

ಹೋದ ಮಾರ್ಚ್‌ನಲ್ಲಿ ಎಲ್ಲರೂ ಮೆಲ್ಬರ್ನ್‌ಗೆ ಹೋದೆವು. ನನ್ನ ಮೈದುನ ಗೌರೀಶ ಡ್ಯಾಂಡಿನಾಂಗ್‌ನಲ್ಲಿದ್ದಾನೆ. ಅವನಿಗೆ ಕೊಡಲೆಂದು ಅತ್ತೆ ಆಗಷ್ಟೇ ಮುಗಿಸಿದ ಕೌದಿಯನ್ನು ತಂದಿದ್ದರು. ಅಲ್ಲಿಂದ ಒಂದು ಗಂಟೆ ದೂರದ ಗುಡ್ಡದ ಹಳ್ಳಿಯಲ್ಲಿ, ಅಮೆರಿಕದಿಂದ ಬಂದು ನೆಲೆಸಿದ ನಾಲ್ಕೈದು ಕುಟುಂಬಗಳು ವರ್ಷಕ್ಕೊಮ್ಮೆ ತಮ್ಮ ಕಡೆಯ ಸಂತೆ ನಡೆಸುತ್ತವಂತೆ. ಅವರ ಕೈಕೆಲಸ, ಅವರ ಹಾಡು, ಅವರ ಊಟ. ಬೇರೆ ದೇಶದವರೂ ಮನೆಯಲ್ಲಿ ಹೊಲಿದ ಹೊದಿಕೆ ತಂದು ತೋರಿಸಬಹುದು ಎಂದು ಗೌರೀಶ ಫೋನಿನಲ್ಲಿ ಓದಿದ್ದೇ ತಡ, ನಾನು ಎದ್ದು ಕೂತೆ. ಗೆಸ್ಟ್ ಬಂದರೆ ಕೌದಿಯನ್ನು ವಾಷಿಂಗ್ ಮಷಿನ್ ಹಿಂದೆ ತುರುಕುತ್ತಿದ್ದವಳು ನಾನೇ. ಬಿಳಿಯರು ನೋಡುತ್ತಾರೆ ಅಂದ ಕೂಡಲೇ ಅದು ನಮ್ಮ ಸಂಸ್ಕೃತಿ ಅಂದವಳೂ ನಾನೇ. ನಾಚಿಕೆಗೇಡು.

ಸಂತೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡೋಣವೆಂದು ಕೌದಿ ಬಿಡಿಸಿದೆ. ಅದರ ಮೇಲೆ ಇರುವೆ ಹರಿಯುತ್ತಿತ್ತು. ಸಾಲು ಹಿಡಿದು ನೋಡಿದರೆ ಅದು ಕೊನೆಯದಾಗಿ ಹೊಲಿದ ನಾಲ್ಕನೇ ಮೂಲೆಗೆ ಹೋಗಿ ಸೇರುತ್ತಿತ್ತು, ಅಲ್ಲಿ ಒಳಗೇನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಉಗುರು ಕತ್ತರಿಯಿಂದ ಬಿಚ್ಚಿದೆ. ಒಣಗಿದ ರೊಟ್ಟಿಯ ಚೂರು, ಒಂದು ಹರಳು ಬೆಲ್ಲ. ವಯಸ್ಸಾಯಿತು, ತಿನ್ನುತ್ತಾ ಹೊಲಿಯುವಾಗ ಸೇರಿಹೋಗಿರಬೇಕು ಅಂದುಕೊಂಡೆ. ಅಷ್ಟು ಜನರೆದುರು ಇರುವೆ ಹೊರಟರೆ ನನ್ನ ಮಾನ ಏನಾಗಬೇಕು. ಎರಡನ್ನೂ ಬಿನ್‌ಗೆ ಹಾಕಿ, ಕೈಗೆ ಸಿಕ್ಕ ಬಿಳಿ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿದೆ. ಅತ್ತೆ ಸ್ನಾನಕ್ಕೆ ಹೋಗಿದ್ದರು. ಬಂದ ಮೇಲೆ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಸಂತೆಗೆ ಹೋದದ್ದು ಅತ್ತೆ, ಮಗಳು ಆದ್ಯಾ, ನಾನು, ಮೂವರೇ. ಅಲ್ಲಿ ಅತ್ತೆ ನನಗಿಂತ ಆರಾಮಾಗಿದ್ದರು. ಗಡ್ಡದವನೊಬ್ಬ ಪೊರಕೆ ಕಟ್ಟುತ್ತಿದ್ದ. ಅವನ ಕಡ್ಡಿಯನ್ನು ಮೂಸಿ, ಇದು ನಮ್ಮ ಜೋಳದ ಜಾತಿಯೇ ಎಂದರು. ನಾನು ಅದನ್ನೇ ಇಂಗ್ಲಿಷಿನಲ್ಲಿ ಕೇಳಿದಾಗ ಅವನು ಹೌದು ಎಂದು ತಲೆಯಾಡಿಸಿದ. ಬ್ಯಾಂಜೊ ಬಾರಿಸುವವರ ಮುಂದೆ ಒಣಹುಲ್ಲಿನ ಕಟ್ಟಿನ ಮೇಲೆ ಕೂತು, ಮೆಕ್ಕೆಜೋಳದ ಬ್ರೆಡ್ಡನ್ನು ಬೇಯಿಸಿದ ಕಾಳಿನ ಜೊತೆ ತಿಂದು, ಉಪ್ಪು ಕಡಿಮೆ, ಆದರೆ ಹದ ಗೊತ್ತಿದ್ದವರು ಮಾಡಿದ್ದು ಎಂದು ತೀರ್ಪು ಕೊಟ್ಟರು. ಆದ್ಯಾ ಅಜ್ಜಿಯ ಕೈಹಿಡಿದು ಕುಣಿಯುತ್ತಿದ್ದಳು. ನಾನು ಮಾತ್ರ ನಮ್ಮನ್ನು ಯಾರು ನೋಡುತ್ತಿದ್ದಾರೆ ಎಂದು ಸುತ್ತ ಕಣ್ಣಾಡಿಸುತ್ತಿದ್ದೆ.

ಹೊದಿಕೆಗಳ ಮೇಜಿನ ಯಜಮಾನಿ ಲೊರೆಟ್ಟಾ, ಕೆಂಟಕಿ ಕಡೆಯ ಎಪ್ಪತ್ತರ ಹೆಂಗಸು. ಅವಳ ಹೊದಿಕೆಯೂ ಹಳೆ ಬಟ್ಟೆಯದೇ: ಅಪ್ಪನ ಅಂಗಿ, ಹಿಟ್ಟಿನ ಚೀಲ. ಅದನ್ನು ಅವಳು ಎದೆಯುಬ್ಬಿಸಿ ಹೇಳುತ್ತಿದ್ದಳು. ಅತ್ತೆಯ ಕೌದಿಯನ್ನು ಬೆಳಕಿಗೆ ಹಿಡಿದು, ಹೊಲಿಗೆಯ ಮೇಲೆ ಬೆರಳಾಡಿಸಿ, ಇಂಥ ಕೈಯನ್ನು ನೋಡಿ ಬಹಳ ವರ್ಷವಾಯಿತು ಎಂದಳು. ಸುತ್ತ ಇಪ್ಪತ್ತು ಮೂವತ್ತು ಜನ ಸೇರಿದರು. ಇದರ ವಿಶೇಷವೇನು ಎಂದು ಲೊರೆಟ್ಟಾ ಕೇಳಿದಳು. ಅತ್ತೆ ಹೇಳುತ್ತಾ ಹೋದರು, ನಾನು ಇಂಗ್ಲಿಷಿಗೆ ತರುತ್ತಾ ಹೋದೆ.

"ಕೌದಿ ಹೊಟ್ಟಿ ಖಾಲಿ ಇಡಬಾರದು" ಎಂದರು ಅತ್ತೆ. "ಖಾಲಿ ಇಟ್ರ, ಹೊದ್ಕೊಂಡವರು ಹಸದು ಮಲಗ್ತಾರ. ಅದಕ್ಕ ಕಡೀ ಮೂಲ್ಯಾಗ ಒಂದ್ ಚೂರು ರೊಟ್ಟಿ, ಬೆಲ್ಲ ಇಟ್ಟು ಬಾಯಿ ಮುಚ್ಚತೀವಿ. ಮುಟ್ಟಿ ನೋಡಂತ ಹೇಳು ಆಕಿಗೆ."

ಬೆಳಿಗ್ಗೆ ಬಿನ್‌ಗೆ ಹಾಕಿದ್ದು ಏನೆಂದು ನನಗೆ ಆಗ ತಿಳಿಯಿತು. ಆದರೂ ಬಾಯಿ ತನ್ನ ಪಾಡಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿತು. ಅತ್ತೆ ಲೊರೆಟ್ಟಾಳ ಕೈಹಿಡಿದು ನಾಲ್ಕನೇ ಮೂಲೆಯ ಮೇಲೆ ಇಟ್ಟರು. ಅವಳು ಒತ್ತಿದಳು. ಮತ್ತೆ ಒತ್ತಿ ಅತ್ತೆಯ ಮುಖ ನೋಡಿದಳು. ಅತ್ತೆ ತಾವೇ ಮುಟ್ಟಿದರು, ಮೂಲೆಯನ್ನು ಮಗುಚಿ ನೋಡಿದರು. ಅವರ ಹೊಲಿಗೆ ಅಕ್ಕಿಕಾಳಿನಷ್ಟು ಸಣ್ಣದು. ನನ್ನದು ಬಿಳಿ ದಾರದ, ಸೊಟ್ಟಪಟ್ಟ ಹೊಲಿಗೆ. ನಮ್ಮ ಮನೆಯಲ್ಲಿ ಹಾಗೆ ಹೊಲಿಯುವವರು ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಾನ ಮರತೆ ಅಂತ ಹೇಳು" ಎಂದರು.

ಹೇಳಬೇಕಾದ್ದು ಏನೆಂದು ನನಗೆ ಗೊತ್ತಿತ್ತು. ತೆಗೆದವಳು ನಾನು, ಕಸವೆಂದು ತಿಳಿದೆ, ತಪ್ಪು ನನ್ನದು. ನಾಲ್ಕು ಮಾತು. ನಾರ್ವೆಸ್ಟ್‌ನಲ್ಲಿ ಮೀಟಿಂಗ್ ಮೇಲೆ ಮೀಟಿಂಗ್ ನಡೆಸುವ ನನಗೆ ಅಷ್ಟು ಇಂಗ್ಲಿಷ್ ಬರುವುದಿಲ್ಲವೇ? ಆದರೆ ನಾನು, ಅತ್ತೆಗೆ ವಯಸ್ಸಾಗಿದೆ, ಇಡಲು ಮರೆತಿದ್ದಾರೆ ಎಂದೆ. ವಯಸ್ಸಿನ ಮಾತು ಅವರು ಹೇಳಿದ್ದಲ್ಲ. ಅದು ನಾನು ಸೇರಿಸಿದ್ದು.

ಲೊರೆಟ್ಟಾ ಒಳ್ಳೆಯವಳು. ಅವಳ ಅಜ್ಜಿ ಪ್ರತಿ ಹೊದಿಕೆಯಲ್ಲೂ ಬೇಕೆಂದೇ ಒಂದು ತಪ್ಪು ಬಿಡುತ್ತಿದ್ದಳಂತೆ. ತಪ್ಪಿಲ್ಲದ ಕೆಲಸ ಮನುಷ್ಯರದ್ದಲ್ಲ ಎಂದು ಅತ್ತೆಯನ್ನು ಅಪ್ಪಿಕೊಂಡಳು. ಆಮೇಲೆ ದಪ್ಪ ಪೆನ್ನಿನಲ್ಲಿ ಒಂದು ಚೀಟಿ ಬರೆದು ಕೌದಿಗೆ ಸಿಕ್ಕಿಸಿದಳು: ರುದ್ರಾಣಿ, ಧಾರವಾಡ. ಹೊದ್ದವರು ಹಸಿಯದಿರಲೆಂದು ಮೂಲೆಯಲ್ಲಿ ರೊಟ್ಟಿ ಇಡುವುದು ಇವರ ಪದ್ಧತಿ. ಇದರಲ್ಲಿ ಮರೆತಿದ್ದಾರೆ. ಸಂಜೆ ನಾಲ್ಕರವರೆಗೆ ಬಂದವರೆಲ್ಲ ಅದನ್ನು ಓದಿ ನಕ್ಕರು, ಪ್ರೀತಿಯಿಂದಲೇ. ಅತ್ತೆ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಕೈಮುಗಿದರು. ಏನು ಬರೆದಿದೆ ಎಂದು ನನ್ನನ್ನು ಕೇಳಲಿಲ್ಲ. ಮುಂದಿನ ವರ್ಷದ ಸಂತೆಯ ಪುಸ್ತಿಕೆಗೆಂದು ಲೊರೆಟ್ಟಾ ಅತ್ತೆಯನ್ನು ಚೀಟಿಯ ಪಕ್ಕ ನಿಲ್ಲಿಸಿ ಫೋಟೊ ತೆಗೆದಳು.

ವಾಪಸ್ಸು ಬರುವಾಗ ಕಾರು ನಾನೇ ಓಡಿಸುತ್ತಿದ್ದೆ. ಹಿಂದೆ ಆದ್ಯಾ ನಿದ್ದೆ ಹೋಗಿದ್ದಳು. ಎರಡು ತಿರುವು ದಾಟಿದ ಮೇಲೆ ತಡೆಯಲಾಗಲಿಲ್ಲ. "ಯಾಕೆ ಹಾಗಂದ್ರಿ ಅತ್ತೆ? ನಾನು ಅಂತ ಗೊತ್ತಾಯ್ತಲ್ಲ ನಿಮಗೆ?" ಎಂದೆ.

ಅತ್ತೆ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

"ಖರೇ ಹೇಳಿದ್ರ, ಅದನ್ನ ಇಂಗ್ಲಿಷ್‌ನ್ಯಾಗ ನೀನ ಹೇಳಬೇಕಾಗ್ತಿತ್ತಲ್ಲವಾ" ಎಂದರು. "ಅಷ್ಟ ಮಂದಿ ಮುಂದ."

ಲೊರೆಟ್ಟಾಳ ಇಮೇಲ್ ವಿಳಾಸ ನನ್ನ ಹತ್ತಿರ ಇದೆ. ಪುಸ್ತಿಕೆ ಅಚ್ಚಿಗೆ ಹೋಗಲು ಇನ್ನೂ ಸಮಯವಿದೆ. ಕನ್ನಡದಲ್ಲಿ ಇಷ್ಟೆಲ್ಲ ಬರೆದೆ. ಅವಳಿಗೆ ಇನ್ನೂ ಬರೆದಿಲ್ಲ.