ಪುಚೊಂಗ್‌ನ ನಮ್ಮ ಬ್ಯಾಂಡ್ ನಿಂತ ದಿನ

ಮಲೇಷ್ಯಾದ ನಿಲಾಯ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಸ್ಕಾಟ್ಲೆಂಡಿನವನೊಬ್ಬ, ಕ್ಲಾಂಗ್ ಬಂದರಿನಲ್ಲಿ ಕೆಲಸಕ್ಕಿದ್ದ ಮಂಗಳೂರಿನವನೊಬ್ಬ, ಮತ್ತು ನಾನು ಸೇರಿ ಪುಚೊಂಗ್‌ನ ಬಾಡಿಗೆ ಕೋಣೆಯೊಂದರಲ್ಲಿ ಬ್ಯಾಂಡ್ ಕಟ್ಟಿದೆವು. ಸ್ಕಾಟ್ಲೆಂಡಿನವನು ಹಾಡುತ್ತಿದ್ದ, ಮಂಗಳೂರಿನವನು ಡ್ರಮ್ಸ್ ಬಾರಿಸುತ್ತಿದ್ದ, ನನ್ನದು ಗಿಟಾರ್. ಹಾಡುಗಾರ ತನ್ನ ಊರಿನಿಂದ ತಂದ ಒರಟು ಪೋಸ್ಟ್-ಪಂಕ್ ರಾಕ್ ಸಂಗೀತ ಕೇಳಲು ಮೊದಮೊದಲು ಹತ್ತು ಜನರೂ ಬರುತ್ತಿರಲಿಲ್ಲ. ಎರಡು ವರ್ಷದಲ್ಲಿ ಕ್ವಾಲಾಲಂಪುರದ ಸಣ್ಣ ಹಾಲ್‌ಗಳು ತುಂಬತೊಡಗಿದವು.

ಆಮೇಲೆ ಲಾಕ್‌ಡೌನ್ ಬಂತು. ಡ್ರಮ್ಸ್ ಬೀಗ ಹಾಕಿದ ಕೋಣೆಯಲ್ಲೇ ಉಳಿಯಿತು. ಡ್ರಮ್ಮರ್ ಮನೆಯಲ್ಲಿ ಪ್ಲಾಸ್ಟಿಕ್ ಬಕೆಟ್ ಬಾರಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸುತ್ತಿದ್ದ. ಕೊನೆಯದನ್ನು ಕಳಿಸಿ ಹತ್ತು ದಿನಕ್ಕೆ ಕೋವಿಡ್‌ನಿಂದ ತೀರಿಕೊಂಡ. ಅವನ ಮಣ್ಣಿಗೂ ನಾವು ಹೋಗುವಂತಿರಲಿಲ್ಲ.

ಕೋಣೆ ಮತ್ತೆ ತೆರೆದಾಗ ಆ ಕೊನೆಯ ರೆಕಾರ್ಡಿಂಗ್ ಹಾಕಿ, ನಾವಿಬ್ಬರೂ ಅದರ ಜೊತೆ ನುಡಿಸಿದೆವು. ಹಾಡಿನ ನಡುವೆ ತಾಳ ನಿಂತು, ಸ್ಪೀಕರಿನಿಂದ ಕೆಮ್ಮು ಕೇಳಿಸಿತು.

"ಸಾರಿ ಲಾ, ಇನ್ನೊಂದ್ಸಲ ಮಾಡುವ" ಎಂದಿತು ಅವನ ಸ್ವರ.

ಇಬ್ಬರೂ ಒಟ್ಟಿಗೇ ಖಾಲಿ ಡ್ರಮ್ಸ್ ಕಡೆ ತಿರುಗಿದೆವು. ಬಕೆಟ್ ತಾಳ ಮತ್ತೆ ಶುರುವಾಯಿತು. ಹಾಡುಗಾರ ಮೈಕ್ ಕೆಳಗಿಟ್ಟು ಹೊರಗೆ ಹೋದ. ಮುಂದಿನ ತಿಂಗಳು ಸ್ಕಾಟ್ಲೆಂಡಿಗೇ ಮರಳಿದ. ಬ್ಯಾಂಡ್ ಅಲ್ಲಿಗೆ ಮುಗಿಯಿತು.

ಆ ರೆಕಾರ್ಡಿಂಗ್ ತಮಗೆ ಬೇಕೆಂದು ಡ್ರಮ್ಮರ್‌ನ ಹೆಂಡತಿ ಫೋನ್ ಮಾಡಿದರು. ಕೆಮ್ಮನ್ನು ತೆಗೆದು ಕಳಿಸುತ್ತೇನೆ ಎಂದೆ.

"ಬೇಡ ಮಾರಾಯ್ರೆ, ಹಾಗೇ ಕಳಿಸಿ. ಅವರು ಮಾತಾಡಿದ್ದು ಉಂಟಲ್ಲ ಅದ್ರಲ್ಲಿ."