ಹಂಚಿನ ಮೇಲೆ ಮೀನಿದ್ದಾಗಲೇ ಒಲೆ ಆರಿಸಿದರು

ಕೊರೊನಾ ಕಾಟ ಮುಗಿದು, ಹೈದರಾಬಾದಿನ ದಿಲ್‌ಸುಖ್‌ನಗರದ ನಮ್ಮ ಕನ್ನಡ ಕೂಟದವರು ಮತ್ತೆ ರಾಜ್ಯೋತ್ಸವ ಮಾಡಿದ ಮೊದಲ ವರ್ಷ ಅದು. ಹಬ್ಬಕ್ಕೆ ಮೊದಲೇ ಕೂಟದ ಕಾರ್ಯದರ್ಶಿ ನನಗೆ ಫೋನ್ ಮಾಡಿ, "ಈ ಸಲ ಊಟದ ಮೇಳ ಇಟ್ಟೀವ್ರಿ. ರಾಯಚೂರ ಕಡೀದು ನಿಮ್ಮದೊಂದು ಅಡುಗಿ ಇರಲಿ. ಅಲ್ಲೇ ಬಿಸಿಬಿಸಿ ಮಾಡಿ ಕೊಡಬೇಕು" ಅಂದರು.

"ನಮ್ಮ ಅತ್ತಿ ಹಂಚಿನ ಮ್ಯಾಲ ಮೀನು ಭಾಳ ಚಲೋ ಮಾಡ್ತಾರ್ರಿ. ನಡೀತೈತೇನು?" ಅಂತ ಕೇಳಿದೆ.

"ನಿಮ್ಮೂರಂದು ಆದ್ರ ಸಾಕ್ರಿ" ಅಂತ ನಕ್ಕರು.

ನಮ್ಮ ಅತ್ತೆ ಕೃಷ್ಣಾ ದಂಡೆಯವರು. ಅವರ ತಂದೆ ಹೊಳೆಯಲ್ಲಿ ಬಲೆ ಬೀಸಿಯೇ ಸಂಸಾರ ನಡೆಸಿದವರು. ಹೈದರಾಬಾದಿಗೆ ಬಂದ ಮೇಲೆ ಅತ್ತೆ ಹೊರಗೆ ಹೋಗುವುದೇ ಕಡಿಮೆಯಾಗಿತ್ತು; ಎಲ್ಲಿ ಹೋದರೂ ತೆಲುಗು, ಇಲ್ಲವೇ ಹಿಂದಿ. ಕನ್ನಡದವರೆಲ್ಲ ಸೇರುತ್ತಾರೆ ಅಂದ ಕೂಡಲೇ ಅವರ ಮುಖ ಅರಳಿತು. ಹಬ್ಬದ ದಿನ ಬೆಳಿಗ್ಗೆ ನನ್ನ ಜೊತೆ ಮಾರ್ಕೆಟ್ಟಿಗೆ ಬಂದು ಮೀನನ್ನು ತಾವೇ ಆರಿಸಿದರು. ಖಾರ, ಅರಿಶಿಣ, ಬೆಳ್ಳುಳ್ಳಿ, ಹುರಿದ ಕೊತ್ತಂಬರಿ ಬೀಜ, ಹುಣಸೆರಸ ಸೇರಿಸಿ ಅರೆದು ತುಂಡುಗಳಿಗೆ ತಿಕ್ಕಿದರು. ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟರು.

ಸಭಾಭವನದ ಅಂಗಳದಲ್ಲಿ ಹೋಳಿಗೆ, ಬಿಸಿಬೇಳೆಬಾತ್ ಮೇಜುಗಳ ಸಾಲಿನ ಕೊನೆಗೆ ನಮ್ಮ ಮೇಜು. ಅತ್ತೆ ಹಂಚು ಕಾಯಿಸಿ, ಶೇಂಗಾ ಎಣ್ಣೆ ಬಿಟ್ಟು, ಮೊದಲ ನಾಲ್ಕು ತುಂಡು ಹಾಕಿದ್ದರು ಅಷ್ಟೆ. ಅತಿಥಿಯಾಗಿ ಬಂದಿದ್ದ ಹಿರಿಯರೊಬ್ಬರು ಮೂಗಿಗೆ ಕರವಸ್ತ್ರ ಹಿಡಿದು ಕಾರ್ಯದರ್ಶಿಯ ಕಿವಿಯಲ್ಲಿ ಏನೋ ಹೇಳಿದರು. ಕಾರ್ಯದರ್ಶಿ ದಡದಡ ಬಂದವರೇ ನಮ್ಮ ಗ್ಯಾಸ್ ಒಲೆ ಆರಿಸಿಬಿಟ್ಟರು.

"ಏನ್ರಿ ಇದು? ಕನ್ನಡದ ಹಬ್ಬಕ್ಕ ಮೀನು ತರೂದಾ?"

"ನಿಮ್ಮನ್ನ ಕೇಳೇ ತಂದೀವಲ್ರಿ!"

"ನನಗ್ಯಾರೂ ಹೇಳಿಲ್ಲ" ಅಂದರು, ನನ್ನ ಮುಖ ನೋಡದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಫೋನಿನಲ್ಲಿ ಅವರಾಡಿದ ಮಾತನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದೆ. ನಮ್ಮ ಮನೆಗೆ ಬಂದು ಇದೇ ಮೀನನ್ನು ಬಾಯಿ ಚಪ್ಪರಿಸಿ ತಿಂದಿದ್ದ ಇಬ್ಬರು ಹೆಂಗಸರು ಅಲ್ಲೇ ಇದ್ದರು. ಒಬ್ಬಳು ಹೋಳಿಗೆ ತಟ್ಟೆ ನೋಡತೊಡಗಿದಳು, ಇನ್ನೊಬ್ಬಳು ಮೊಬೈಲ್ ತೆಗೆದಳು.

ಅತ್ತೆ ನನ್ನ ಕೈ ಹಿಡಿದು ಸುಮ್ಮನಿರಿಸಿದರು. ಕಾರ್ಯದರ್ಶಿಯನ್ನು ಒಂದೇ ಮಾತು ಕೇಳಿದರು: "ನಾವು ಕನ್ನಡದವರಲ್ಲೇನಪಾ?"

"ಹಂಗಲ್ಲಮ್ಮಾ, ವಾಸನಿ..." ಅವರು ತಡವರಿಸಿದರು.

ಅತ್ತೆ ಮತ್ತೆ ಒಲೆ ಹಚ್ಚಿದರು. "ಅರ್ಧ ಬೆಂದದ್ದು ಬಿಟ್ಟು ಏಳಬಾರದು" ಅನ್ನುತ್ತ ತುಂಡುಗಳನ್ನು ಒಂದೊಂದಾಗಿ ಮಗುಚಿದರು. ಆರಿಸಲು ಈ ಸಲ ಯಾರೂ ಮುಂದೆ ಬರಲಿಲ್ಲ. ಮೀನು ಕೆಂಪಗಾದ ಮೇಲೆ ಡಬ್ಬಿಗೆ ಹಾಕಿಕೊಂಡು, "ನಡಿ" ಅಂದರು.

ಆಟೋದಲ್ಲಿ ಕೂತ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದನ್ನು ನೋಡಿ ನನ್ನ ಸಿಟ್ಟು ಇನ್ನೂ ಏರಿತು.

ಉಳಿದ ಮೀನನ್ನು ಮನೆಯಲ್ಲಿ ಹುರಿದು ಎದುರು ಮನೆಯ ತೆಲುಗಿನವರಿಗೂ ಕೊಟ್ಟೆವು. ಸಂಜೆ ಕಾರ್ಯದರ್ಶಿಯ ಫೋನ್ ಬಂತು. "ಬ್ಯಾಸರ ಮಾಡ್ಕೋಬ್ಯಾಡ್ರಿ. ಮುಂದಿನ ವರ್ಷ ಜ್ವಾಳದ ರೊಟ್ಟಿ ಮಾಡ್ರಿ, ಯಾರಿಗೂ ತಕರಾರಿಲ್ಲ."

ಅತ್ತೆ ಫೋನ್ ಇಸಿದುಕೊಂಡರು. "ನಿಮ್ಮ ಮನೀಗೆ ಕರದ್ರ ನೀವು ನೀಡಿದ್ದು ಉಣ್ತೀವ್ರಿ. ನಿಮ್ಮೂರಂದು ಮಾಡ್ರಿ ಅಂದ್ರ ನಮ್ಮೂರಂದೇ ಮಾಡ್ತೀವಿ. ಎರಡ್ರಾಗ ಯಾವುದು ಅಂತ ಮೊದಲ ಹೇಳ್ರಿ" ಅಂದು ಫೋನ್ ಇಟ್ಟರು.

ಆಮೇಲೆ ಕೂಟದಿಂದ ಕರೆ ಬಂದಿಲ್ಲ. ಆ ಇಬ್ಬರು ಹೆಂಗಸರು ಮಾತ್ರ ದಾರಿಯಲ್ಲಿ ಸಿಕ್ಕಾಗ, "ಅವತ್ತು ಭಾಳ ಕೆಟ್ಟ ಅನಿಸ್ತು ನೋಡ್ರಿ" ಅಂತಾರೆ. ಕೆಟ್ಟ ಅನಿಸಿದವರು ಅವತ್ತೇ ಒಂದು ತುಂಡು ಕೈಗೆತ್ತಿಕೊಂಡು ತಿಂದಿದ್ದರೆ ಸಾಕಿತ್ತು. ನನಗೆ ಕಾರ್ಯದರ್ಶಿಗಿಂತ ಇವರ ಮೇಲೆಯೇ ಹೆಚ್ಚು ಸಿಟ್ಟು. ಅದು ಇವತ್ತಿಗೂ ಇಳಿದಿಲ್ಲ.