ಕೆರೆಯ ನೀರು ಬೆಂಗಳೂರಿಗೆ ಹೋಗಿಬಂದದ್ದು

ನಮ್ಮೂರ ಕೆರೆಯ ನೀರು ಕುಡಿದ ಬಸ್ಸು ಇಡೀ ಕೋಲಾರದಲ್ಲಿ ಒಂದೇ. ಕುಡಿಸಿದ ಪಾಪದಲ್ಲಿ ನನಗೂ ಪಾಲುಂಟು.

ನಾನೂ ಬಾಲ್ಯದ ಗೆಳೆಯ ಶಾಮಣ್ಣನೂ ದಿನಾ ಬೆಳಿಗ್ಗೆ ಕೆರೆಯಲ್ಲಿ ಈಜುವುದು ಊರಿಗೆಲ್ಲ ಗೊತ್ತು. (ಎಮ್ಮೆಗಳೂ ಈಜುತ್ತವೆ. ಅವು ನಮ್ಮನ್ನು ಸಹಿಸಿಕೊಂಡಿವೆ.) ಹೋದ ತಿಂಗಳು ಹೆಲ್ತ್ ಇನ್ಸ್‌ಪೆಕ್ಟರು ಏರಿಯ ಮೇಲೆ ನಿಂತು, ಕೊಡೆ ಮಡಚಿ, ಸಾರಿದರು: "ನೀರು ಹಸಿರಾಗಿದೆ. ಬೆಂಗಳೂರಲ್ಲಿ ಪರೀಕ್ಷೆ ಮಾಡಿಸ್ತೀನಿ. ಕೆಟ್ಟದ್ದು ಅಂತ ಬಂದ್ರೆ ಈಜು ಬಂದ್."

ಶಾಮಣ್ಣ ಕುತ್ತಿಗೆಮಟ್ಟದ ನೀರಿನಲ್ಲೇ ನಡುಗಿದ. ಮೂವತ್ತು ವರ್ಷದ ಈಜು! ಅದು ತಪ್ಪಿದರೆ ಬೆಳಿಗ್ಗೆಯೆಲ್ಲ ಮನೆಯಲ್ಲಿರಬೇಕು. ಮನೆಯಲ್ಲಿದ್ದು ಮಾಡುವುದೇನು?

ಮಾರನೆಯ ದಿನ ನಾನು ಹಲ್ಲು ಕೀಳಿಸಲು ಬೆಂಗಳೂರಿಗೆ ಹೊರಟಿದ್ದೆ. ಇನ್ಸ್‌ಪೆಕ್ಟರು ಕೆರೆನೀರು ತುಂಬಿದ ದೊಡ್ಡ ಸೀಸೆಗೆ ಸರ್ಕಾರಿ ಚೀಟಿ ಅಂಟಿಸಿ ನನಗೇ ಒಪ್ಪಿಸಿದರು. ಅಪರಾಧಿಯ ಕೈಗೇ ಸಾಕ್ಷಿ! ಆದರೂ ಗಂಗಾಜಲದಂತೆ ತೊಡೆಯ ಮೇಲಿಟ್ಟುಕೊಂಡು ಕೂತೆ.

ಪೆಟ್ರೋಲಿಗೆ ಬದಲು ಇದ್ದಿಲು ಉರಿಸಿ ಓಡುವ ಯುದ್ಧಕಾಲದ ಬಸ್ಸು. ನರಸಾಪುರ ಇನ್ನೊಂದು ಮೈಲಿ ಇರುವಾಗ ಬುಸುಗುಟ್ಟಿ ನಿಂತಿತು. ತೂಕಡಿಸುತ್ತಿದ್ದವನು ಕಣ್ಣುಬಿಟ್ಟರೆ ತೊಡೆಯ ಮೇಲೆ ಸೀಸೆಯಿಲ್ಲ. ಡ್ರೈವರ್ ಖಾದರ್ ಸಾಬರು ಅದನ್ನು ರೇಡಿಯೇಟರಿಗೆ ಬಗ್ಗಿಸುತ್ತಿದ್ದಾರೆ!

"ಅಯ್ಯೋ ಸಾಬ್ರೇ, ಅದು ಸರ್ಕಾರದ ನೀರು!"

"ಗಾಡಿ ಬೆಂದೋಗ್ತೈತೆ ಸ್ವಾಮಿ, ಸುಮ್ನಿರಿ. ನರಸಾಪುರದಾಗೆ ತುಂಬ್ಸಿ ಕೊಡ್ತೀನಿ. ನೀರಿಗೆ ನೀರು ಆಯ್ತಲ್ಲ?"

ಕೊಟ್ಟರು, ಸಿಹಿನೀರಿನ ಬಾವಿಯದು. ಬಸ್ಸು ಮಾತ್ರ ಹೊಸಕೋಟೆಯವರೆಗೂ ಕೆಮ್ಮಿತು.

"ಎಂಥಾ ನೀರು ಸ್ವಾಮಿ ಅದು? ಗಾಡಿಗೇ ಒಗ್ಗಲಿಲ್ಲ!"

(ನಿಜವಾದ ಪರೀಕ್ಷೆ ಅಲ್ಲಿಗೇ ಮುಗಿದಿತ್ತು.)

ಸೀಸೆ ಒಪ್ಪಿಸುವಾಗ ನಾನು ಸತ್ಯ ನುಡಿಯಬಹುದಿತ್ತು. ಆದರೆ ಅಷ್ಟರಲ್ಲಿ ಹಲ್ಲು ಕಿತ್ತು ಬಾಯಿಗೆ ಹತ್ತಿ ತುರುಕಿದ್ದರು. ಹತ್ತಿ ತೆಗೆದ ಮೇಲೆ? ಶಾಮಣ್ಣನ ಮುಖ ನೆನಪಾಯಿತು.

ಮೊನ್ನೆ ವರದಿ ಬಂತು. ನೀರು ಅತ್ಯುತ್ತಮ, ಕುಡಿಯಲು ಯೋಗ್ಯ! ಬೆಂಗಳೂರೇ ಹೇಳಿದ ಮೇಲೆ ಹಸಿರು ಕಂಡದ್ದು ನಮ್ಮ ಕಣ್ಣಿನ ದೋಷವೆಂದಾಯಿತು. ಶಾಮಣ್ಣ ಏರಿಯ ಮೇಲೇ ಅಂಗಿ ಬಿಚ್ಚತೊಡಗಿದ.

"ನಿಲ್ರೀ!" ಎಂದರು ಇನ್ಸ್‌ಪೆಕ್ಟರು. "ಜನ ಕುಡಿಯೋ ನೀರಲ್ಲಿ ಈಜೋದೇ? ಇವತ್ತಿಂದ ಬಂದ್!"

ಶಾಮಣ್ಣ ಅರ್ಧ ಬಿಚ್ಚಿದ ಅಂಗಿಯಲ್ಲೇ ನನ್ನ ಕಡೆ ತಿರುಗಿದ.

"ಲೇ, ಸೀಸೆ ತಗೊಂಡೋಗು ಅಂದ್ರೆ ಕೆರೆನೇ ಹೊತ್ಕೊಂಡೋದ್ಯಲ್ಲೋ!"

ಈಗ ದಿನಾ ಬೆಳಿಗ್ಗೆ ನಾವಿಬ್ಬರೂ ಒಣ ಮೈಯಲ್ಲಿ ಏರಿಯ ಮೇಲೆ ಕೂತಿರುತ್ತೇವೆ. ಎಮ್ಮೆಗಳು ಎಂದಿನಂತೆ ನಡುನೀರಿನಲ್ಲಿವೆ.

ಅವುಗಳಿಗೆ ಆರ್ಡರು ಓದಿ ಹೇಳುವವರು ಯಾರು?